ಬೆಂಗಳೂರಿನ ಹವೆಗೆ ಕಾರಿನಲ್ಲಿ ಎ.ಸಿ. ಬೇಕೇ ಬೇಕೆ? ಕೆಟ್ಟಿರುವ ಎ.ಸಿ.ಯನ್ನು ದುರಸ್ತಿ ಮಾಡಿಸಬೇಕೋ ಬಿಡಬೇಕೋ?

ಹಳೇಗಾಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿರುವುದು 2012ರಲ್ಲಿ ಕೊಂಡ ಒಂದು ಸಣ್ಣ ಪೆಟ್ರೋಲ್ ಕಾರು. ಎಂಜಿನ್, ಗೇರು, ಬ್ರೇಕು ಎಲ್ಲವೂ ಚೆನ್ನಾಗಿವೆ; ಎ.ಸಿ. ಮಾತ್ರ ಕಳೆದ ಬೇಸಿಗೆಯಿಂದ ಕೈಕೊಡುತ್ತಿದೆ. ಗ್ಯಾಸ್ ತುಂಬಿಸಿದರೆ ಕೆಲವು ವಾರ ತಣ್ಣನೆಯ ಗಾಳಿ ಬರುತ್ತದೆ, ಆಮೇಲೆ ಬರೀ ಫ್ಯಾನಿನ ಗಾಳಿ. ಈ ಸಲ ಬೇರೊಂದು ಗ್ಯಾರೇಜಿನಲ್ಲಿ ತೋರಿಸಿದಾಗ, ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್ ಸೋರುತ್ತಿರುವ ಹಾಗಿದೆ, ಮುಂಭಾಗದ ಕಂಡೆನ್ಸರ್ ಕೂಡ ಹಳೆಯದಾಗಿದೆ, ಎರಡನ್ನೂ ಬದಲಾಯಿಸಿ ಡ್ಯಾಶ್‌ಬೋರ್ಡ್ ಬಿಚ್ಚಿ ಜೋಡಿಸುವ ಕೂಲಿಯನ್ನೂ ಸೇರಿಸಿದರೆ ಸುಮಾರು 20 ಸಾವಿರ ರೂಪಾಯಿ ಆಗುತ್ತದೆ ಎಂದು ಅಂದಾಜು ಕೊಟ್ಟರು. ಇವತ್ತು ಮಾರಲು ಹೊರಟರೆ ಈ ಗಾಡಿಗೆ ಬರುವ ಬೆಲೆಯನ್ನು ನೆನೆದರೆ ಅಷ್ಟು ದುಡ್ಡು ಹಾಕಲು ಮನಸ್ಸು ಬರುತ್ತಿಲ್ಲ.

ಆದರೆ ನನ್ನ ಸಂದೇಹ ಹಣದ್ದು ಮಾತ್ರವಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಏಪ್ರಿಲ್‌ನಲ್ಲಿ ಹಗಲಿನ ಗರಿಷ್ಠ ಉಷ್ಣಾಂಶದ ಸರಾಸರಿ 34 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ಡಿಸೆಂಬರಿನಲ್ಲಿ ಅದು 27 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಮುಂಗಾರು ಶುರುವಾದ ಮೇಲೆ ಸಂಜೆ ಹೊತ್ತಿಗೆ ಸ್ವೆಟರ್ ಹುಡುಕುವ ಊರಿದು. ಫ್ಯಾನೇ ಇಲ್ಲದ ಮನೆಗಳಲ್ಲಿ ಬೆಳೆದವರು ನಮ್ಮ ಬಸವನಗುಡಿಯಲ್ಲಿ ಇನ್ನೂ ಇದ್ದಾರೆ. ರಾಯಚೂರಿನವರೋ ಕಲಬುರಗಿಯವರೋ ಈ ಪ್ರಶ್ನೆ ಕೇಳಿದರೆ ಅದಕ್ಕೆ ಅರ್ಥವಿರಲಾರದು. ಆದರೆ ವರ್ಷದ ಬಹುಭಾಗ ಹಿತವಾಗಿರುವ ಹವೆಯಲ್ಲಿ ಕಿಟಕಿ ಇಳಿಸಿಕೊಂಡು ಓಡಾಡಲು ಏನು ಅಡ್ಡಿ ಎಂಬುದು ನನಗೆ ತಿಳಿಯುತ್ತಿಲ್ಲ.

ನಮ್ಮ ಬಳಕೆ ಹೀಗಿದೆ. ವಾರದ ದಿನಗಳಲ್ಲಿ ವಾಹನ ದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ದಾಟಿ ಹೊಸೂರು ರಸ್ತೆಯ ಕಡೆಗೆ ಹೋಗಿಬರುವುದು; ಆಗಾಗ ಹಾಸನದ ಮೇಲೆ ಸಕಲೇಶಪುರದ ಆಚೆಗಿನ ನಮ್ಮೂರಿಗೆ, ಅಲ್ಲಿಂದ ಕೆಲವೊಮ್ಮೆ ಶಿರಾಡಿ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗುವುದು. ಅಮ್ಮನಿಗೆ ಎ.ಸಿ. ಗಾಳಿ ನೇರವಾಗಿ ಬಡಿದರೆ ಆಗುವುದಿಲ್ಲ, ಮಗಳಿಗೆ ಎ.ಸಿ. ಇಲ್ಲದಿದ್ದರೆ ಆಗುವುದಿಲ್ಲ. ಈ ವ್ಯಾಜ್ಯವನ್ನು ಇಲ್ಲಿ ತರುವುದಿಲ್ಲ.

ನನಗೆ ಬೇಕಾಗಿರುವುದು ಮೂರು ವಿಷಯಗಳಲ್ಲಿ ಅನುಭವಸ್ಥರ ಅಭಿಪ್ರಾಯ. ಎ.ಸಿ.ಯನ್ನು ಹಾಗೆಯೇ ಕೆಟ್ಟ ಸ್ಥಿತಿಯಲ್ಲಿ ಬಿಟ್ಟರೆ ಕಾರಿನ ಬೇರೆ ಭಾಗಗಳಿಗೆ ತೊಂದರೆಯಾಗುತ್ತದೆಯೆ? ಅದಿಲ್ಲದೆ ಮಳೆಗಾಲದ ಘಾಟಿ ಪ್ರಯಾಣ ಸುರಕ್ಷಿತವೆ? ಮತ್ತು ಎ.ಸಿ. ಹಾಕದೆ ಓಡಿಸುವುದರಿಂದ ಪೆಟ್ರೋಲಿನಲ್ಲಿ ಲೆಕ್ಕಕ್ಕೆ ಬರುವಷ್ಟು ಉಳಿತಾಯವಾಗುತ್ತದೆಯೆ?

ಕಿಟಕಿಪ್ರಿಯ

ಹಳೇಗಾಡಿಯವರೇ, ನನ್ನ ಉತ್ತರ ನೇರವಾದದ್ದು. ಮಾಡಿಸಬೇಡಿ. ಆ ಹಣದಲ್ಲಿ ನಾಲ್ಕು ಹೊಸ ಟೈರು ಹಾಕಿಸಿ, ಮಳೆಗಾಲದಲ್ಲಿ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಎ.ಸಿ. ಎಂಬುದು ಮಂತ್ರಿಗಳ ಹಾಗೂ ದೊಡ್ಡ ಹೋಟೆಲುಗಳ ಕಾರಿನ ಸಂಗತಿಯಾಗಿತ್ತು. ಆ ಕಾರುಗಳಲ್ಲಿ ಇಡೀ ಸಂಸಾರ, ಹೋಲ್ಡಾಲು, ನೀರಿನ ಹೂಜಿ ಸಮೇತ ಬೆಂಗಳೂರಿನಿಂದ ಹಂಪಿಗೂ ಗೋಕರ್ಣಕ್ಕೂ ಹೋಗಿಬರುತ್ತಿದ್ದರು. ಮಾರುತಿ 800 ಬಂದ ಮೇಲೂ ಬಹುಕಾಲ ಜನ ಎ.ಸಿ. ಇಲ್ಲದ ಮಾದರಿಯನ್ನೇ ಕೊಳ್ಳುತ್ತಿದ್ದರು. 2009ರಲ್ಲಿ ಟಾಟಾ ನ್ಯಾನೋ ಮಾರುಕಟ್ಟೆಗೆ ಬಂದಾಗಲೂ ಅದರ ಅತಿ ಅಗ್ಗದ ಮಾದರಿಯಲ್ಲಿ ಎ.ಸಿ. ಇರಲಿಲ್ಲ. ಈಗಿನ ತಲೆಮಾರಿಗೆ ಇದು ಜೀವನಾವಶ್ಯಕ ವಸ್ತುವಿನಂತೆ ಕಾಣುತ್ತಿರುವುದಕ್ಕೆ ಹವೆಗಿಂತ ಅಭ್ಯಾಸವೇ ಹೆಚ್ಚಿನ ಕಾರಣ ಎಂದು ನನಗನಿಸುತ್ತದೆ. ಬೆಳಗಿನ ಹೊತ್ತು 20 ಡಿಗ್ರಿ ಇರುವಾಗಲೂ ಗಾಜು ಏರಿಸಿಕೊಂಡು, ಎ.ಸಿ.ಯನ್ನು 22ಕ್ಕೆ ಇಟ್ಟು ಲಾಲ್‌ಬಾಗಿನ ಪಕ್ಕದಲ್ಲೇ ಹೋಗುವವರನ್ನು ನಾನು ದಿನವೂ ನೋಡುತ್ತೇನೆ.

ಪೆಟ್ರೋಲಿನ ವಿಷಯ. ಸಣ್ಣ ಎಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲನ್ನು ಎ.ಸಿ.ಯ ಗ್ಯಾಸನ್ನು ಒತ್ತುವ ಕಂಪ್ರೆಸರ್ ಕಿತ್ತುಕೊಳ್ಳುತ್ತದೆ. ನಾಲ್ಕು ಜನ ಕುಳಿತು ಏರು ಹತ್ತುವಾಗ ಎ.ಸಿ. ಗುಂಡಿಯನ್ನು ಆರಿಸಿದ ಕೂಡಲೇ ಕಾರಿಗೆ ಪಿಕಪ್ ಬರುವುದು ಓಡಿಸುವವರ ಕಾಲಿಗೇ ಗೊತ್ತಾಗುತ್ತದೆ. ಹೆದ್ದಾರಿಯಲ್ಲಿ ಕಿಟಕಿ ತೆರೆದರೆ ಗಾಳಿಯ ಎಳೆತ ಹೆಚ್ಚಿ ಅಷ್ಟೇ ಪೆಟ್ರೋಲ್ ಹೋಗುತ್ತದೆ ಎಂದು ವಾದಿಸುವವರಿದ್ದಾರೆ. ಗಾಳಿಯ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ, ಅಂದರೆ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುವಂತೆ, ಏರುತ್ತದೆ ಎಂಬುದು ನಿಜ, ಆದರೆ ಬೆಂಗಳೂರಿನೊಳಗೆ ಆ ವೇಗ ಯಾರಿಗೆ ಸಿಗುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಊರೊಳಗಿನ ವೇಗದಲ್ಲಿ ತೆರೆದ ಕಿಟಕಿಯಿಂದ ಆಗುವ ನಷ್ಟ ಗಣನೆಗೆ ಬರುವಂಥದ್ದಲ್ಲ.

ಮಳೆಯಲ್ಲಿ ಗಾಜು ಮಬ್ಬಾದರೆ ಹೀಟರ್ ಹಾಕಿ, ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿ, ಒಂದು ಕಿಟಕಿಯನ್ನು ಬೆರಳಷ್ಟು ಇಳಿಸಿ. ಹೀಟರ್ ಕೆಲಸ ಮಾಡುವುದು ಎಂಜಿನ್ ಹೇಗೂ ಹೊರಹಾಕುವ ಶಾಖದಿಂದ, ಅದಕ್ಕೆ ಬೇರೆ ಖರ್ಚಿಲ್ಲ.

ಸ್ಪ್ಯಾನರ್

ಕಾರಿನ ಎ.ಸಿ. ದುರಸ್ತಿಯೇ ನನ್ನ ವೃತ್ತಿಯಾದ್ದರಿಂದ, ಮಾಡಿಸಿ ಎಂದು ನಾನು ಹೇಳಿದರೆ ಅದನ್ನು ಸ್ವಲ್ಪ ರಿಯಾಯಿತಿ ಕಳೆದು ಓದಿಕೊಳ್ಳಿ. ಕಿಟಕಿಪ್ರಿಯರು ಹೇಳಿರುವುದರಲ್ಲಿ ಸುಳ್ಳಿಲ್ಲ. ಆದರೆ ಅವರು ಎ.ಸಿ.ಯನ್ನು ತಂಪಿನ ಯಂತ್ರವಾಗಿ ಮಾತ್ರ ನೋಡುತ್ತಿದ್ದಾರೆ. ಬೆಂಗಳೂರು, ಮೈಸೂರು, ಹಾಸನದಂಥ ಊರುಗಳಲ್ಲಿ ಅದರ ಮುಖ್ಯ ಕೆಲಸ ತಂಪು ಮಾಡುವುದಲ್ಲ. ಕಾರಿನೊಳಗಿನ ತೇವವನ್ನು ಹೊರಗೆ ಹಾಕುವುದು ಮತ್ತು ಗಾಜು ಮುಚ್ಚಿಕೊಂಡಿದ್ದರೂ ಕೂರುವಂತೆ ಮಾಡುವುದು.

ಅದು ಹೇಗೆಂದು ಸ್ವಲ್ಪ ವಿವರಿಸುತ್ತೇನೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಆ ಬಿಸಿ ಹೊರಗಿನ ಗಾಳಿಗೆ ಹೋಗಿ ಗ್ಯಾಸು ದ್ರವವಾಗುತ್ತದೆ. ಎಕ್ಸ್‌ಪಾನ್ಶನ್ ವಾಲ್ವಿನ ಕಿರಿದಾದ ಕಂಡಿಯಿಂದ ಹೊರಬಿದ್ದು ಕೂಲಿಂಗ್ ಕಾಯಿಲಿನೊಳಗೆ ಮತ್ತೆ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಆಗ ಕಾಯಿಲಿನ ಮೈ ಸೊನ್ನೆಗಿಂತ ಕೆಲವೇ ಡಿಗ್ರಿ ಮೇಲಿರುತ್ತದೆ. ಬ್ಲೋವರ್ ತಳ್ಳುವ ಗಾಳಿ ಅದರ ರೆಕ್ಕೆಗಳ ನಡುವೆ ಹಾದುಹೋಗುವಾಗ, ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿಯ ಹೊರಮೈ ಬೆವರುವಂತೆ, ಗಾಳಿಯಲ್ಲಿದ್ದ ತೇವವೆಲ್ಲ ಕಾಯಿಲಿನ ಮೇಲೆ ನೀರಾಗಿ ಕೂರುತ್ತದೆ. ನಿಲ್ಲಿಸಿದ ಕಾರಿನಡಿ ತೊಟ್ಟಿಕ್ಕುವುದು ಆ ನೀರೇ. ಅದನ್ನು ಕಂಡು ರೇಡಿಯೇಟರ್ ಸೋರುತ್ತಿದೆಯೆಂದು ಗಾಬರಿಯಾಗಿ ಬರುವ ಗಿರಾಕಿಗಳು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ.

ಮಳೆಯಲ್ಲಿ ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ಚಪ್ಪಲಿಗಳೊಂದಿಗೆ ಕಾರೊಳಗೆ ಕುಳಿತಾಗ ಉಸಿರಿನ ತೇವ ತಣ್ಣಗಿರುವ ಗಾಜಿನ ಒಳಮೈಗೆ ಅಂಟಿ ಮಬ್ಬು ಕವಿಯುತ್ತದೆ. ಹೀಟರ್ ಗಾಜನ್ನು ಬೆಚ್ಚಗೆ ಮಾಡಿ ಮಬ್ಬನ್ನು ತೆಗೆಯುವುದು ಹೌದು, ಆದರೆ ಹೊರಗಿನ ಗಾಳಿಯೇ ತೇವದಿಂದ ತುಂಬಿರುವ ಜುಲೈ ತಿಂಗಳಲ್ಲಿ ಅದು ನಿಧಾನವಾಗಿ ನಡೆಯುವ ಕೆಲಸ. ಎಂಜಿನ್ ಬಿಸಿಯಾಗುವ ತನಕ ನಡೆಯುವುದೇ ಇಲ್ಲ. ಎ.ಸಿ. ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿದರೆ ಗಾಳಿ ಮೊದಲು ಕಾಯಿಲಿನಲ್ಲಿ ಒಣಗಿ, ಆಮೇಲೆ ಹೀಟರಿನಲ್ಲಿ ಬೆಚ್ಚಗಾಗಿ ಗಾಜಿಗೆ ಬಡಿಯುತ್ತದೆ, ಮಬ್ಬು ಕಣ್ಣೆದುರೇ ಕರಗುತ್ತದೆ. ಅನೇಕ ಕಾರುಗಳಲ್ಲಿ ಮುಂದಿನ ಗಾಜಿನ ಗುಂಡಿ ಒತ್ತಿದ ಕೂಡಲೇ ಎ.ಸಿ. ತಾನಾಗಿ ಶುರುವಾಗುವಂತೆ ಮಾಡಿರುವುದು ಇದೇ ಕಾರಣಕ್ಕೆ. ಒಂದು ಎಚ್ಚರಿಕೆ: ಹೀಗೆ ಮಾಡುವಾಗ ಒಳಗಿನ ಗಾಳಿಯೇ ಸುತ್ತುವ ವ್ಯವಸ್ಥೆಯನ್ನು, ಅಂದರೆ ರೀಸರ್ಕ್ಯುಲೇಶನ್ ಗುಂಡಿಯನ್ನು, ಆಫ್ ಮಾಡಿರಬೇಕು.

ಈಗ ನಿಮ್ಮ ಮೊದಲ ಪ್ರಶ್ನೆ. ಕೆಟ್ಟ ಎ.ಸಿ.ಯನ್ನು ಹಾಗೇ ಬಿಟ್ಟರೆ ಎಂಜಿನ್ನಿಗೆ ತಕ್ಷಣದ ತೊಂದರೆ ಇಲ್ಲ. ಗ್ಯಾಸ್ ಇಲ್ಲದಾಗ ಒತ್ತಡದ ಸ್ವಿಚ್ಚು ಕಂಪ್ರೆಸರನ್ನು ಕೂಡಿಕೊಳ್ಳಲು ಬಿಡುವುದಿಲ್ಲ. ಆದರೆ ಎ.ಸಿ. ಆರಿಸಿದ್ದರೂ ಕಂಪ್ರೆಸರಿನ ಪುಲ್ಲಿ ಬೆಲ್ಟಿನೊಂದಿಗೆ ತಿರುಗುತ್ತಲೇ ಇರುತ್ತದೆ. ಅದರ ಬೇರಿಂಗ್ ಹೋದರೆ ಮೊದಲು ಕೀಚಲು ಶಬ್ದ ಬರುತ್ತದೆ; ಅದನ್ನೂ ಅಲಕ್ಷಿಸಿದರೆ ಬೆಲ್ಟು ಕಿತ್ತುಹೋಗಬಹುದು, ಮತ್ತು ಕೆಲವು ಕಾರುಗಳಲ್ಲಿ ಅದೇ ಬೆಲ್ಟು ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ನೀರಿನ ಪಂಪನ್ನೂ ತಿರುಗಿಸುತ್ತಿರುತ್ತದೆ. ಇನ್ನೊಂದು ನಷ್ಟ ನಿಧಾನವಾದದ್ದು. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಸುತ್ತುತ್ತದೆ, ಆದ್ದರಿಂದ ತಿಂಗಳುಗಟ್ಟಲೆ ಓಡಿಸದಿದ್ದರೆ ಶಾಫ್ಟಿನ ಸೀಲು ಒಣಗಿ ಸೋರಲಾರಂಭಿಸುತ್ತದೆ. ಸೋರಿದ ದಾರಿಯಲ್ಲೇ ತೇವ ಒಳಸೇರಿ ಎಣ್ಣೆಯನ್ನು ಕೆಡಿಸುತ್ತದೆ. ಇವತ್ತು 20 ಸಾವಿರದಲ್ಲಿ ಮುಗಿಯುವ ಕೆಲಸ ಮುಂದೆ ಕಂಪ್ರೆಸರನ್ನೂ ಸೇರಿಸಿಕೊಳ್ಳಬಹುದು. ಎ.ಸಿ. ಚೆನ್ನಾಗಿರುವವರು ಕೂಡ, ಚಳಿಗಾಲವೆಂದು ಪೂರ್ತಿ ಬಿಡದೆ, ವಾರಕ್ಕೊಮ್ಮೆಯಾದರೂ ಕೆಲವು ನಿಮಿಷ ಹಾಕುವುದು ಒಳ್ಳೆಯದು.

ಎಲ್ಲಕ್ಕಿಂತ ಕೆಟ್ಟ ಆಯ್ಕೆಯೆಂದರೆ ನೀವು ಇಲ್ಲಿಯ ತನಕ ಮಾಡಿಕೊಂಡು ಬಂದದ್ದು. ಸೋರುವ ಜಾಗವನ್ನು ಮುಚ್ಚದೆ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುವುದು ದುಡ್ಡು ದಂಡ ಎಂಬುದಷ್ಟೇ ಅಲ್ಲ. ನಿಮ್ಮ ಕಾರಿನಲ್ಲಿರುವುದು ಆರ್-134ಎ ಗ್ಯಾಸ್. ಅದು ಓಝೋನ್ ಪದರಕ್ಕೆ ಕೇಡು ಮಾಡುವುದಿಲ್ಲವೆಂದು ಹಳೆಯ ಆರ್-12ರ ಜಾಗಕ್ಕೆ ಬಂತು, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. ಸಣ್ಣ ಕಾರಿಗೆ 400 ಗ್ರಾಂ ಹಿಡಿಯುತ್ತದೆಂದರೂ, ಒಂದು ಸಲ ಪೂರ್ತಿ ಸೋರಿಹೋದರೆ ಅರ್ಧ ಟನ್ನಿಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡಿಗೆ ಸಮ; ಅಂದರೆ ಹೆಚ್ಚುಕಡಿಮೆ 240 ಲೀಟರ್ ಪೆಟ್ರೋಲ್ ಸುಟ್ಟಷ್ಟು. 2016ರ ಕಿಗಾಲಿ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಈ ಬಗೆಯ ಗ್ಯಾಸುಗಳನ್ನು ಹಂತಹಂತವಾಗಿ ಕಡಿಮೆ ಮಾಡಲು ನಿರ್ಧಾರವಾಯಿತು, ಭಾರತವೂ 2021ರಲ್ಲಿ ಅದನ್ನು ಅನುಮೋದಿಸಿತು. ಹೀಗಾಗಿ ನನ್ನ ಸಲಹೆ ಇಷ್ಟೆ: ಮಾಡಿಸಿದರೆ ಸೋರಿಕೆ ನಿಲ್ಲುವ ಹಾಗೆ ಮಾಡಿಸಿ, ಇಲ್ಲವಾದರೆ ಗ್ಯಾಸ್ ತುಂಬಿಸುವುದನ್ನೇ ನಿಲ್ಲಿಸಿ.

ಸಕಲೇಶಪುರದವ

ನಿಮ್ಮೂರಿನ ಕಡೆಯವನೇ ಆದ್ದರಿಂದ ಘಾಟಿಯ ವಿಷಯ ಮಾತ್ರ ಹೇಳುತ್ತೇನೆ.

ಆಷಾಢದ ಮಳೆಯಲ್ಲಿ ದೋಣಿಗಾಲ್ ದಾಟಿ ಶಿರಾಡಿ ಇಳಿಯುವಾಗ ಮಂಜು, ಮಳೆ, ಎದುರಿನಿಂದ ಬರುವ ಟ್ಯಾಂಕರುಗಳ ದೀಪ ಮೂರೂ ಒಟ್ಟಿಗಿರುತ್ತವೆ. ಆಗ ಒಳಗಿನ ಗಾಜು ಮಬ್ಬಾದರೆ ಕರ್ಚೀಫಿನಿಂದ ಒರೆಸಿಕೊಂಡು ಒಂದು ಕೈಯಲ್ಲಿ ಓಡಿಸುವ ರಸ್ತೆ ಅದಲ್ಲ. ಒರೆಸಿದ ಗೀರುಗಳ ಮೇಲೆ ಎದುರಿನ ದೀಪ ಬಿದ್ದರೆ ಇನ್ನಷ್ಟು ಕಣ್ಣು ಕೋರೈಸುತ್ತದೆ. ಕಿಟಕಿಯನ್ನು ಬೆರಳಷ್ಟು ಇಳಿಸಿ ಎಂದು ಕಿಟಕಿಪ್ರಿಯರು ಹೇಳಿದ್ದಾರೆ. ನಮ್ಮ ಮಳೆಗೆ ಬೆರಳಷ್ಟು ಸಂದಿ ಸಾಕು, ತೊಡೆ ತೋಯ್ದುಹೋಗುತ್ತದೆ. ಲಾರಿಯವರು ಹೊರಗಾಜಿಗೆ ಬೀಡಿಯ ತಂಬಾಕು ಉಜ್ಜುವುದನ್ನು ನೋಡಿರಬಹುದು, ಮಳೆನೀರು ಹರಡಿಕೊಂಡು ಜಾರಿಹೋಗಲು ಅದು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಒಳಗಿನ ಮಬ್ಬಿಗೆ ಅದರಿಂದ ಪ್ರಯೋಜನವಿಲ್ಲ.

ಬಯಲುಸೀಮೆಯಿಂದ ಬರುವವರಿಗೆ ಗೊತ್ತಿಲ್ಲದ ಇನ್ನೊಂದು ವಿಚಾರವಿದೆ. ಘಾಟಿ ಇಳಿದು ಗುಂಡ್ಯ ಮುಟ್ಟುವ ಹೊತ್ತಿಗೆ ಹವೆ ಪೂರ್ತಿ ಬದಲಾಗಿ ಕರಾವಳಿಯ ಸೆಖೆ ಶುರುವಾಗಿರುತ್ತದೆ. ಎ.ಸಿ.ಯಿಂದ ತಣ್ಣಗಾದ ಗಾಜಿಗೆ ಆಗ ಹೊರಗಿನಿಂದ ಮಬ್ಬು ಹಿಡಿಯುತ್ತದೆ. ಜನ ಒಳಗೆ ಒರೆಸುತ್ತಾರೆ, ಹೋಗುವುದಿಲ್ಲ, ಎ.ಸಿ.ಯನ್ನು ಇನ್ನಷ್ಟು ಜೋರು ಮಾಡುತ್ತಾರೆ, ಮಬ್ಬು ಇನ್ನೂ ಹೆಚ್ಚುತ್ತದೆ. ವೈಪರನ್ನು ಒಂದು ಸಲ ಆಡಿಸಿ ನೋಡಿ. ಅದರಿಂದ ಮಬ್ಬು ಹೋದರೆ ಹೊರಗಿನದು, ಆಗ ಗಾಳಿಯನ್ನು ಗಾಜಿನಿಂದ ತಿರುಗಿಸಿ ಉಷ್ಣಾಂಶವನ್ನು ಏರಿಸಬೇಕು. ಹೋಗದಿದ್ದರೆ ಒಳಗಿನದು, ಅದಕ್ಕೆ ಸ್ಪ್ಯಾನರ್ ಅವರು ಹೇಳಿದ ದಾರಿಯೇ ಸರಿ.

ಮಳೆಗಾಲದಲ್ಲಿ ಊರಿಗೆ ಬರುವುದನ್ನು ನಿಲ್ಲಿಸುವುದಿಲ್ಲ ಎಂದಾದರೆ ದುರಸ್ತಿ ಮಾಡಿಸಿ. ಬೆಂಗಳೂರಿನಲ್ಲಿ ನೀವು ಅದನ್ನು ಹಾಕುತ್ತೀರೋ ಬಿಡುತ್ತೀರೋ ಅದು ಬೇರೆ ಮಾತು.

ದೊಡ್ಡಗಾಜು

ನಾನು ಮೈಸೂರಿನವಳು, ನಮ್ಮ ಊರಿನ ಹವೆಯೂ ನಿಮ್ಮದಕ್ಕಿಂತ ಬಹಳ ಬೇರೆಯಲ್ಲ. ಕಿಟಕಿಪ್ರಿಯ ಸರ್ ಅವರು ಅಂಬಾಸಡರಿನ ಉದಾಹರಣೆ ಕೊಟ್ಟಿರುವುದರಿಂದ ಒಂದು ಆಕ್ಷೇಪ ಎತ್ತಬೇಕಾಗಿದೆ. ಆ ಕಾರು ಕಿಟಕಿಯ ಗಾಳಿಗೆಂದೇ ಕಟ್ಟಿದ ಕಾರು, ಈಗಿನವು ಹಾಗಿಲ್ಲ.

ಅಂಬಾಸಡರ್ ಮತ್ತು ಪದ್ಮಿನಿಯ ಮುಂದಿನ ಬಾಗಿಲಲ್ಲಿ ಒಂದು ತ್ರಿಕೋನದ ಗಾಜು ಇರುತ್ತಿತ್ತು. ಅದನ್ನು ಓರೆಯಾಗಿ ತಿರುಗಿಸಿದರೆ ಓಡುವ ಕಾರಿನ ಗಾಳಿಯನ್ನು ಹಿಡಿದು ನೇರವಾಗಿ ಎದೆಗೆ ತಂದು ಬಿಡುತ್ತಿತ್ತು. ಮಳೆ ಹನಿಯುತ್ತಿದ್ದರೂ ಅದನ್ನಷ್ಟೇ ತೆರೆದಿಡಬಹುದಿತ್ತು. ಮುಂದಿನ ಗಾಜು ಸಣ್ಣದಾಗಿ, ಹೆಚ್ಚು ನೆಟ್ಟಗೆ ನಿಂತಿರುತ್ತಿತ್ತು. ಇಂದಿನ ಕಾರುಗಳಲ್ಲಿ, ಗಾಳಿಯ ಎಳೆತ ತಗ್ಗಿಸಲೆಂದು, ಮುಂದಿನ ಗಾಜು ಬಾನೆಟ್ಟಿನಿಂದಲೇ ಹಿಂದಕ್ಕೆ ಮಲಗಿದೆ. ಅದರಡಿಯಲ್ಲಿರುವ ಉದ್ದನೆಯ ಕಪ್ಪು ಡ್ಯಾಶ್‌ಬೋರ್ಡ್ ಬಿಸಿಲನ್ನೆಲ್ಲ ಹೀರಿಕೊಂಡು ಮತ್ತೆ ನಮ್ಮ ಮುಖಕ್ಕೇ ಬಿಡುತ್ತದೆ. ಎಷ್ಟೋ ಕಾರುಗಳ ಹಿಂಬಾಗಿಲಿನ ಗಾಜು ಪೂರ್ತಿ ಇಳಿಯುವುದೂ ಇಲ್ಲ. ನಿಮ್ಮ ತಾಯಿಯವರು ಕೂರುವುದು ಹಿಂದಿನ ಸೀಟಿನಲ್ಲಾದರೆ, ಮುಂದೆ ಕುಳಿತವರಿಗೆ ಸಿಗುವ ಗಾಳಿಯನ್ನು ನೋಡಿ ಅವರ ಅನುಕೂಲವನ್ನು ಅಳೆಯಬೇಡಿ. ಹೊರಗೆ 30 ಡಿಗ್ರಿ ಇದ್ದರೂ ಬಿಸಿಲಲ್ಲಿ ನಿಂತ ಇಂಥ ಕಾರಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಿರುತ್ತದೆ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿಕೊಳ್ಳೋಣವೆಂದರೆ 2012ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿದೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ. 70ರಷ್ಟು, ಪಕ್ಕದ ಗಾಜುಗಳಲ್ಲಿ ಶೇ. 50ರಷ್ಟು ಬೆಳಕು ಒಳಗೆ ಬರಲೇಬೇಕು ಎಂಬುದು ನಿಯಮ.

ಇನ್ನು ಬೆಂಗಳೂರಿನ ಹವೆ ಹಿತವಾದದ್ದು ಎಂಬ ಮಾತು. ಸರಾಸರಿಯ ಲೆಕ್ಕದಲ್ಲಿ ಅದು ಇಂದಿಗೂ ನಿಜ. ಆದರೆ 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಗಿದೆ. ಹವಾಮಾನ ಇಲಾಖೆ ಉಷ್ಣಾಂಶ ಅಳೆಯುವುದು ನೆರಳಿನಲ್ಲಿ ಎಂಬುದನ್ನೂ ಮರೆಯಬಾರದು. ಮೇಲ್ಸೇತುವೆಯ ಮೇಲೆ, ನೆರಳಿಲ್ಲದ ಜಾಗದಲ್ಲಿ, ಮುಂದೆ ಹಿಂದೆ ಎಂಜಿನ್ನುಗಳ ಶಾಖ ತಾಗುತ್ತ ನಿಂತ ಕಾರಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಕಿಟಕಿಯ ಗಾಳಿ ಬರುವುದು ಕಾರು ಓಡಿದರೆ ತಾನೆ? ನಿಮ್ಮ ದಿನನಿತ್ಯದ ದಾರಿ ಸಿಲ್ಕ್ ಬೋರ್ಡಿನದು ಎಂದು ನೀವೇ ಬರೆದಿದ್ದೀರಿ.

ಹಳೇಗಾಡಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹೊರಗಾಜಿನ ಮಬ್ಬಿನ ವಿಷಯ ಬಹಳ ಉಪಯೋಗಕ್ಕೆ ಬಂತು. ಗುಂಡ್ಯದ ಹತ್ತಿರ ಹಾಗೇಕಾಗುತ್ತದೆ ಎಂದು ಎ.ಸಿ. ಚೆನ್ನಾಗಿದ್ದಾಗಲೇ ತಲೆ ಕೆಡಿಸಿಕೊಂಡಿದ್ದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಅಮ್ಮನಿಗೆ ಉಬ್ಬಸದ ತೊಂದರೆ ಇದೆ. ಹೊರವಲಯದ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಅವರಿಗೆ ಸೀನು ನಿಲ್ಲುವುದಿಲ್ಲ. ಇಂಥವರಿಗೆ ಕಿಟಕಿಯ ಗಾಳಿ ಒಳ್ಳೆಯದೋ ಎ.ಸಿ. ಗಾಳಿ ಒಳ್ಳೆಯದೋ? ಎ.ಸಿ. ಹಾಕಿದ ಮೊದಲ ಕೆಲವು ನಿಮಿಷ ನಮ್ಮ ಕಾರಿನಲ್ಲಿ ಒಂದು ಬಗೆಯ ಮುಗ್ಗಲು ವಾಸನೆಯೂ ಬರುತ್ತಿತ್ತು.

ಹಳದಿಬೋರ್ಡ್

ನಾನು ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುವವನು. ಪೆಟ್ರೋಲಿನ ಪ್ರಶ್ನೆಗೆ ನನ್ನ ಕಡೆಯಿಂದ ಉತ್ತರ.

ಎ.ಸಿ. ಎಷ್ಟು ಕುಡಿಯುತ್ತದೆ ಎಂಬುದಕ್ಕೆ ಒಂದೇ ಅಂಕಿ ಇಲ್ಲ. ಸುಡುವ ಬಿಸಿಲಿನಲ್ಲಿ, ಅದರಲ್ಲೂ ಚಿಕ್ಕ ಓಡಾಟಗಳಲ್ಲಿ, ಮೈಲೇಜು ಕಾಲು ಭಾಗಕ್ಕಿಂತಲೂ ಹೆಚ್ಚು ಬೀಳಬಹುದು ಎಂದು ಅಮೆರಿಕದ ಇಂಧನ ಇಲಾಖೆಯವರೇ ಹೇಳುತ್ತಾರೆ. ನಮ್ಮಲ್ಲಿ ನವೆಂಬರಿನ ಬೆಳಗಿನಲ್ಲಿ ಅಷ್ಟು ಬೀಳುವುದಿಲ್ಲ, ಏಕೆಂದರೆ ಒಳಗೆ ತಂಪಾದ ಕೂಡಲೇ ಕಂಪ್ರೆಸರ್ ಬಿಟ್ಟುಬಿಟ್ಟು ಕೆಲಸ ಮಾಡುತ್ತದೆ. ನಿಜವಾದ ನಷ್ಟ ಇರುವುದು ನಿಂತಲ್ಲಿ. ಗಿರಾಕಿಗಾಗಿ ಎ.ಸಿ. ಹಾಕಿಕೊಂಡು ಕಾಯುತ್ತ ನಿಂತರೆ ಗಾಡಿ ಒಂದು ಅಡಿಯೂ ಮುಂದೆ ಹೋಗದೆ ಪೆಟ್ರೋಲ್ ಇಳಿಯುತ್ತಿರುತ್ತದೆ. ಇದೇ ಲೆಕ್ಕಕ್ಕಾಗಿ 2024ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಆ್ಯಪ್ ಟ್ಯಾಕ್ಸಿ ಚಾಲಕರು, ಸಿಗುವ ದರಕ್ಕೆ ಎ.ಸಿ. ಹಾಕಲಾಗುವುದಿಲ್ಲವೆಂದು ಅಭಿಯಾನವನ್ನೇ ನಡೆಸಿದರು. ಗಿರಾಕಿಗಳು ನಮ್ಮನ್ನು ಜಿಪುಣರೆಂದು ಬೈದುಕೊಳ್ಳುತ್ತಾರೆ. ಅವರ ಕಾರಿನ ಪೆಟ್ರೋಲ್ ಅವರ ಜೇಬಿನಿಂದ ಹೋಗುವಾಗ ಅವರೂ ಹೀಗೇ ಲೆಕ್ಕ ಹಾಕುತ್ತಾರೆ ಎಂಬುದು ಈ ಚರ್ಚೆಯಲ್ಲೇ ಕಾಣುತ್ತಿದೆಯಲ್ಲ.

ಇಷ್ಟಾದರೂ ನನ್ನ ಸ್ವಂತ ಆರೋಗ್ಯಕ್ಕಾಗಿ ನಾನು ಎ.ಸಿ.ಯ ಪರ. ದಿನವಿಡೀ ಕಿಟಕಿ ತೆರೆದು ಓಡಿಸಿದವನ ಮುಖವನ್ನು ಸಂಜೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿದರೆ ಸಾಕು, ಎದೆಗೂಡಿನೊಳಗೆ ಏನು ಹೋಗಿದೆಯೆಂದು ಗೊತ್ತಾಗುತ್ತದೆ. ಮೆಟ್ರೋ ಕಾಮಗಾರಿಯ ಧೂಳು, ಬಸ್ಸು ಲಾರಿಗಳ ಹೊಗೆ, ಎಡಬಿಡದ ಹಾರ್ನು. ಸರ್ಕಾರ ಕೂಡ 2025ರಿಂದ ಹೊಸ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಮಾಡಿದೆ. ಹತ್ತು ಹನ್ನೆರಡು ಗಂಟೆ ಗಾಡಿ ಓಡಿಸುವವನಿಗೆ ಅದು ಸುಖದ ವಸ್ತುವಲ್ಲ ಎಂದು ಅಷ್ಟರ ಮಟ್ಟಿಗೆ ಒಪ್ಪಿದಂತಾಯಿತು.

ಕಿಟಕಿಪ್ರಿಯ

ಹಳದಿಬೋರ್ಡ್ ಅವರ ಮಾತಿಗೆ ನನ್ನ ತಕರಾರಿಲ್ಲ. ದಿನವಿಡೀ ರಸ್ತೆಯಲ್ಲಿರುವವರ ಲೆಕ್ಕವೇ ಬೇರೆ. ಆದರೆ ರೀಸರ್ಕ್ಯುಲೇಶನ್ ಹಾಕಿ ಎಲ್ಲ ಗಾಜು ಮುಚ್ಚಿಕೊಂಡು ನಾಲ್ಕು ಜನ ಕುಳಿತರೆ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಸೇರುತ್ತ ಹೋಗಿ ಚಾಲಕನಿಗೆ ಮಂಪರು ಬರುತ್ತದೆ ಎಂಬುದನ್ನೂ ಯಾರಾದರೂ ಹೇಳಬೇಕಲ್ಲ. ಹಾಸನದ ಹೆದ್ದಾರಿಯಲ್ಲಿ ಮಧ್ಯಾಹ್ನದ ಊಟದ ನಂತರ ಬರುವ ನಿದ್ದೆಗೆಲ್ಲ ಮುದ್ದೆಯನ್ನೇ ದೂರಬಾರದು. ಬೈಪಾಸುಗಳಲ್ಲಿ ಹೊಗೆ ಕಡಿಮೆಯಾದ ಕಡೆ ಹೊರಗಿನ ಗಾಳಿಯನ್ನು ಒಳಗೆ ಬಿಡುವ ಅಭ್ಯಾಸವನ್ನಾದರೂ ಇಟ್ಟುಕೊಳ್ಳಿ. ಘಾಟಿಯ ಮಳೆಯ ವಿಷಯದಲ್ಲಿ ಸಕಲೇಶಪುರದವರ ಮಾತನ್ನು ಒಪ್ಪುತ್ತೇನೆ. ಸಿಲ್ಕ್ ಬೋರ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ, ಆ ದಾರಿಗೆ ಎ.ಸಿ.ಗಿಂತ ಮೆಟ್ರೋ ಉತ್ತಮ.

ಸ್ಪ್ಯಾನರ್

ಉಬ್ಬಸ ಇರುವವರ ವಿಷಯದಲ್ಲಿ ಕೊನೆಯ ಮಾತು ಅವರ ವೈದ್ಯರದ್ದು. ಯಂತ್ರದ ಕಡೆಯಿಂದ ಹೇಳಬಹುದಾದದ್ದನ್ನು ಹೇಳುತ್ತೇನೆ. ಕ್ಯಾಬಿನ್ ಫಿಲ್ಟರ್ ಇರುವ ಕಾರಿನಲ್ಲಿ ಧೂಳು ಮತ್ತು ಪರಾಗ ಬಹುಮಟ್ಟಿಗೆ ಅದರಲ್ಲೇ ನಿಲ್ಲುತ್ತವೆ, ಆದರೆ ಸಾಮಾನ್ಯ ಫಿಲ್ಟರ್ ಹೊಗೆಯ ಅನಿಲಗಳನ್ನು ತಡೆಯುವುದಿಲ್ಲ; ಅದಕ್ಕೆ ಇದ್ದಿಲಿನ ಪದರವಿರುವುದು ಬೇಕು. 2012ರ ಸಣ್ಣ ಕಾರುಗಳಲ್ಲಿ ಕೆಲವಕ್ಕೆ ಫಿಲ್ಟರ್ ಕೂರಿಸುವ ಗೂಡು ಇದ್ದು ಫಿಲ್ಟರನ್ನೇ ಕೊಟ್ಟಿರುವುದಿಲ್ಲ. ಗ್ಲೋವ್ ಬಾಕ್ಸ್ ಕಳಚಿ ಅದರ ಹಿಂದೆ ನೋಡಿ. ಗೂಡು ಇದ್ದರೆ ಫಿಲ್ಟರ್ ಕೊಂಡು ನೀವೇ ಹಾಕಬಹುದು.

ಮುಗ್ಗಲು ವಾಸನೆ ಬರುವುದು ಸದಾ ಒದ್ದೆಯಾಗಿರುವ ಕೂಲಿಂಗ್ ಕಾಯಿಲಿನ ಮೇಲೆ ಬೂಷ್ಟು ಬೆಳೆಯುವುದರಿಂದ. ಮನೆ ತಲುಪುವ ಎರಡು ಮೂರು ನಿಮಿಷ ಮೊದಲು ಎ.ಸಿ. ಗುಂಡಿಯನ್ನು ಆರಿಸಿ, ಬ್ಲೋವರನ್ನು ಮಾತ್ರ ಜೋರಾಗಿ ಓಡಲು ಬಿಟ್ಟರೆ ಕಾಯಿಲು ಒಣಗುತ್ತದೆ. ನೀರು ಹೋಗುವ ಸಣ್ಣ ರಬ್ಬರ್ ಪೈಪು ಕಸ ಕಟ್ಟಿಕೊಂಡಿದ್ದರೆ ನೀರು ಒಳಗೇ ಉಳಿದು, ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ಟು ಒದ್ದೆಯಾಗುತ್ತದೆ. ಅದನ್ನೂ ಮುಟ್ಟಿ ನೋಡಿ. ತಾಯಿಯವರಿಗೆ ಗಾಳಿ ನೇರವಾಗಿ ಬಡಿಯದಿರಲು ಮಧ್ಯದ ಎರಡು ಕಿಂಡಿಗಳನ್ನು ಚಾವಣಿಯ ಕಡೆಗೆ ಎತ್ತಿಟ್ಟರೆ ಸಾಕು. ತಣ್ಣನೆಯ ಗಾಳಿ ತಾನಾಗಿ ಕೆಳಗಿಳಿಯುತ್ತದೆ.

ದುರಸ್ತಿಗೆ ಕೊಡುವ ಮೊದಲು ಒಂದು ಕೆಲಸ ಮಾಡಿಸಿ. 'ಸೋರುತ್ತಿರುವ ಹಾಗಿದೆ' ಎಂಬ ಊಹೆಯ ಮೇಲೆ ಡ್ಯಾಶ್‌ಬೋರ್ಡ್ ಬಿಚ್ಚಿಸಬೇಡಿ. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ಪರೀಕ್ಷಿಸಲು ಹೇಳಿ. ಎಷ್ಟೋ ಸಲ ಸೋರುವುದು ಪೈಪಿನ ಕೀಲಿನಲ್ಲಿರುವ ಕೆಲವೇ ರೂಪಾಯಿಯ ಓ-ರಿಂಗು ಎಂಬ ರಬ್ಬರ್ ಉಂಗುರ, ಇಲ್ಲವೇ ಕಲ್ಲು ಬಡಿದ ಕಂಡೆನ್ಸರು. ಕಾಯಿಲಿಗೆ ಹೋಗುವ ಪೈಪುಗಳನ್ನು ಬಿಡಿಸಿ ಕಾಯಿಲನ್ನು ಪ್ರತ್ಯೇಕವಾಗಿ ಪರೀಕ್ಷಿಸಿದರೆ ಡ್ಯಾಶ್‌ಬೋರ್ಡ್ ಬಿಚ್ಚದೆಯೇ ಉತ್ತರ ಸಿಗುತ್ತದೆ. ಯಾವ ಭಾಗ ಬದಲಾಯಿಸಿದರೂ ಜೊತೆಗೆ ಗ್ಯಾಸಿನೊಳಗಿನ ತೇವ ಹೀರುವ ಡ್ರೈಯರನ್ನೂ ಹೊಸದು ಹಾಕಿಸಿ, ಗ್ಯಾಸ್ ತುಂಬುವ ಮುನ್ನ ಪಂಪಿನಿಂದ ಚೆನ್ನಾಗಿ ವ್ಯಾಕ್ಯೂಮ್ ಎಳೆಸಿ, ಅಂದರೆ ಒಳಗಿನ ಗಾಳಿಯನ್ನೆಲ್ಲ ತೆಗೆಸಿ. ಗ್ಯಾಸನ್ನು ತೂಕ ಮಾಡಿ ಹಾಕಬೇಕು. ಎಷ್ಟು ಗ್ರಾಂ ಎಂಬುದು ಬಾನೆಟ್ಟಿನ ಅಡಿಯ ಚೀಟಿಯಲ್ಲಿ ಬರೆದಿರುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ತಂಪಾಗುವುದಿಲ್ಲ, ಕಂಪ್ರೆಸರಿಗೆ ಹೊರೆಯಾಗುತ್ತದೆ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಪರೀಕ್ಷೆಯಲ್ಲಿ ಕಾಯಿಲೇ ಹೋಗಿದೆ ಎಂದು ಬಂದರೆ ಇಲ್ಲಿ ಬರೆಯಿರಿ, ಆಗ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಸಿಗುವ ಕಾಯಿಲು ಸಾಕೋ ಕಂಪನಿಯದ್ದೇ ಬೇಕೋ ನೋಡೋಣ.